ಐದು ಸಲ ಮರಳಿ ಬಂದ ರೂಬಿ

‘ಇದು ಯಾವ ಕೆಲಸಕ್ಕೂ ಬಾರದು’ ಎಂಬ ತೀರ್ಪನ್ನು ಲೋಕವು ಬಹು ಬೇಗ ಕೊಟ್ಟುಬಿಡುತ್ತದೆ. ಮನುಷ್ಯನಾದರೆ ಎದುರುತ್ತರ ಹೇಳಿಯಾನು. ಮೂಕಪ್ರಾಣಿಗೆ ಆ ಭಾಗ್ಯವೂ ಇಲ್ಲ. ಅಂಥ ತೀರ್ಪನ್ನು ಒಂದಲ್ಲ, ಐದು ಸಲ ಉಂಡ ನಾಯಿಯೊಂದರ ವೃತ್ತಾಂತವಿದು.

ಅಮೆರಿಕದ ರಾಜ್ಯಗಳಲ್ಲಿ ವಿಸ್ತೀರ್ಣದಿಂದ ಅತ್ಯಂತ ಚಿಕ್ಕದು ರೋಡ್ ಐಲೆಂಡ್. ಅಲ್ಲಿಯ ಪ್ರಾಣಿಗಳ ಆಶ್ರಯತಾಣವೊಂದರಲ್ಲಿ 2011ರಲ್ಲಿ ರೂಬಿ ಎಂಬ ಹೆಣ್ಣುಮರಿ ಇತ್ತು. ಆಸ್ಟ್ರೇಲಿಯನ್ ಶೆಫರ್ಡ್ ಮತ್ತು ಬಾರ್ಡರ್ ಕಾಲಿ ಎಂಬ ತಳಿಗಳ ಬೆರಕೆ. ಎರಡೂ ಮಂದೆಯ ಸುತ್ತ ದಿನವಿಡೀ ಓಡಾಡುವುದಕ್ಕೆಂದೇ ಬೆಳೆದುಬಂದ ತಳಿಗಳು. ಅಂಥ ಜೀವವನ್ನು ಮನೆಯ ಮೂಲೆಯಲ್ಲಿ ಸುಮ್ಮನೆ ಕೂರೆಂದರೆ ಕೂರುವುದೆಂತು? ಸಾಕಲು ಒಯ್ದವರು ಐದು ಸಲವೂ ಮರಳಿ ತಂದು ಬಿಟ್ಟರು. ಕಡೆಗೆ ಅದಕ್ಕೆ ‘ದಯಾಮರಣ’ ಕೊಡುವ ನಿರ್ಧಾರವಾಯಿತು. ಕೊಲ್ಲುವುದಕ್ಕೆ ದಯೆಯ ಹೆಸರನ್ನಿಟ್ಟ ಕಾಲವಿದು!

ಆದರೆ ಆ ಆಶ್ರಯತಾಣದಲ್ಲಿ ಸ್ವಯಂಸೇವೆ ಮಾಡುತ್ತಿದ್ದ ಮಹಿಳೆಯೊಬ್ಬರು ಈ ಮರಿಯನ್ನು ಬೇರೊಂದು ಕಣ್ಣಿನಿಂದ ನೋಡಿದ್ದರು. ಅವರಿಗೆ ಕಂಡದ್ದು ದುಷ್ಟತನವಲ್ಲ, ಕೆಲಸವಿಲ್ಲದೆ ಚಡಪಡಿಸುತ್ತಿದ್ದ ಬುದ್ಧಿ. ಅದರ ಪ್ರಾಣಕ್ಕಾಗಿ ಅವರು ಮತ್ತೆ ಮತ್ತೆ ಬೇಡಿಕೊಂಡರು. ಅದೇ ಸಮಯದಲ್ಲಿ ಡೇನಿಯಲ್ ಓನೀಲ್ ಎಂಬ ರಾಜ್ಯ ಪೊಲೀಸ್ ಸಿಬ್ಬಂದಿ ಶ್ವಾನದಳಕ್ಕೆ ತಕ್ಕ ನಾಯಿಯನ್ನು ಅರಸುತ್ತಿದ್ದರು. ಒಂದೆಡೆ ನೆಲೆನಿಲ್ಲದ ಚಾಂಚಲ್ಯ, ಓದಿನಲ್ಲಿ ತೊಡಕು ಇವೆರಡನ್ನೂ ಸ್ವತಃ ಅನುಭವಿಸಿದವರು ಅವರು. ರೂಬಿಯಲ್ಲಿ ತಮ್ಮನ್ನೇ ಕಂಡಿದ್ದರೆ ಆಶ್ಚರ್ಯವಿಲ್ಲ. ಮೊದಮೊದಲು ಅವರ ಮನೆಯಲ್ಲಿಯೂ ಅದರ ಉಪಟಳ ಕಡಿಮೆಯೇನಲ್ಲ. ಆದರೆ ಈ ಸಲ ಅದನ್ನು ಮರಳಿಸಲಿಲ್ಲ.

ಇಂಥ ನಾಯಿಗಳಿಗೆ ಶೋಧನೆಯನ್ನು ಕಲಿಸುವ ಬಗೆಯೇ ಸ್ವಾರಸ್ಯಕರ. ದಂಡನೆಗೆ ಅಲ್ಲಿ ಎಡೆಯಿಲ್ಲ. ಕಲಿಸುವಾತ ನಾಯಿಯ ಅಚ್ಚುಮೆಚ್ಚಿನ ಆಟಿಕೆಯನ್ನು ಹಿಡಿದು ಅದರ ಕಣ್ಣೆದುರೇ ಓಡಿ ಮರೆಯಾಗುತ್ತಾನೆ. ಕಂಡುಹಿಡಿದರೆ ಆಟಿಕೆ ಸಿಗುತ್ತದೆ, ಮನದಣಿಯೆ ಆಟವೂ ನಡೆಯುತ್ತದೆ. ಬಳಿಕ ಕಾಣದಂತೆ ಅಡಗುವುದು, ದೂರವನ್ನು ಹೆಚ್ಚಿಸುವುದು, ಅಪರಿಚಿತರನ್ನು ಅಡಗಿಸುವುದು. ಮನುಷ್ಯದೇಹದಿಂದ ಸೂಕ್ಷ್ಮವಾದ ಚರ್ಮದ ಕಣಗಳು ಎಡೆಬಿಡದೆ ಉದುರುತ್ತಿರುತ್ತವೆ. ಗಾಳಿ ಆ ವಾಸನೆಯನ್ನು ಹೊತ್ತೊಯ್ಯುತ್ತದೆ. ವ್ಯಕ್ತಿಯ ಬಳಿ ಕಿರಿದಾಗಿದ್ದು ದೂರ ಹೋದಂತೆ ಬೀಸಣಿಗೆಯ ಹಾಗೆ ಅಗಲವಾಗುತ್ತದೆ. ನಾಯಿಯು ಗಾಳಿಗೆ ಅಡ್ಡಡ್ಡಲಾಗಿ ಸುಳಿದಾಡುತ್ತ, ವಾಸನೆ ಕಿರಿದಾಗುವ ತುದಿಯತ್ತ ಸಾಗುತ್ತದೆ. ಗಂಟೆಗಟ್ಟಲೆ ಬಿಡದೆ ಹುಡುಕುವುದಕ್ಕೆ ಬೇಕಾದದ್ದು ಯಾವುದು? ಐದು ಮನೆಗಳವರು ಸಹಿಸಲಾರದೆ ಹೋದ ಅದೇ ತಡೆಯಿಲ್ಲದ ಚೈತನ್ಯ.

ಇದು ರೂಬಿಯೊಂದರ ಮಾತಲ್ಲ. ಒಕ್ಲಹೋಮಾ ನಗರದ ಬಾಂಬ್ ಸ್ಫೋಟದಲ್ಲಿ 1995ರಲ್ಲಿ ತಮ್ಮ ನಾಯಿಯೊಡನೆ ಶೋಧನೆಗಿಳಿದಿದ್ದ ನಿವೃತ್ತ ಶಿಕ್ಷಕಿ ವಿಲ್ಮಾ ಮೆಲ್ವಿಲ್ ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಶೋಧಶ್ವಾನಗಳ ಸಂಸ್ಥೆಯೊಂದನ್ನು ಕಟ್ಟಿದರು. ಮಾಲೀಕರು ಬೇಡವೆಂದ ನಾಯಿಗಳನ್ನು ಆಶ್ರಯತಾಣಗಳಿಂದ ಆಯ್ದು ಪಳಗಿಸುವುದು ಅದರ ಕ್ರಮ. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳ ಅವಶೇಷಗಳಲ್ಲಿ ಆ ಸಂಸ್ಥೆಯ ನಾಯಿಗಳು ದುಡಿದವು.

2017ರ ಅಕ್ಟೋಬರಿನಲ್ಲಿ ರೋಡ್ ಐಲೆಂಡಿನ ಗ್ಲಾಸ್ಟರ್ ಎಂಬ ಊರಿನಲ್ಲಿ ಕಾಡಿಗೆ ಹೋದ ಹದಿಹರೆಯದ ಹುಡುಗನೊಬ್ಬ ಹಿಂದಿರುಗಲಿಲ್ಲ. ಒಂದೂವರೆ ದಿನ ಕಳೆಯುತ್ತ ಬಂದಿತ್ತು. ಓನೀಲ್ ಮತ್ತು ರೂಬಿಗೆ ಕರೆ ಬಂತು. ಗಾಯಗೊಂಡು ಪ್ರಜ್ಞೆ ತಪ್ಪಿ ಬಿದ್ದಿದ್ದ ಹುಡುಗನನ್ನು ರೂಬಿ ಪತ್ತೆಮಾಡಿತು. ಮುಖ ನೆಕ್ಕಿ ಬೊಗಳತೊಡಗಿತು. ಆ ಕಾಡಿನೊಳಗಿಂದ ಸ್ಥಳವನ್ನು ಹೊರಗಿನವರಿಗೆ ತಿಳಿಸುವುದು ಕಷ್ಟವಾದಾಗ ರೂಬಿಯ ನಿಲ್ಲದ ಬೊಗಳುವಿಕೆಯೇ ಉಳಿದ ರಕ್ಷಕರಿಗೆ ದಾರಿ ತೋರಿಸಿತು. ಹುಡುಗ ಬದುಕಿದ.

ಆನಂತರವೇ ಓನೀಲ್‌ರಿಗೆ ತಿಳಿದದ್ದು: ಆ ಹುಡುಗನ ತಾಯಿ ಬೇರಾರೂ ಅಲ್ಲ, ಆರು ವರ್ಷಗಳ ಹಿಂದೆ ರೂಬಿಯ ಪ್ರಾಣಭಿಕ್ಷೆ ಬೇಡಿದ್ದ ಅದೇ ಸ್ವಯಂಸೇವಕಿ.

ಇದನ್ನು ಪುಣ್ಯಫಲವೆಂದು ಬಣ್ಣಿಸುವವರುಂಟು. ಬಣ್ಣಿಸಲಿ. ಆದರೆ ಆ ತಾಯಿ ಅಂದು ಬೇಡಿಕೊಂಡಾಗ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡಿರಲಿಲ್ಲ. ಪ್ರತಿಫಲವೆಂಬುದು ಅವರ ಕಣ್ಣಿಗೆ ಬಿದ್ದಿರಲೂ ಇಲ್ಲ. ಬಿದ್ದಿದ್ದು ಒಂದು ಮರಿ ಮಾತ್ರ.

2018ರಲ್ಲಿ ರೂಬಿಗೆ ಅಮೆರಿಕದ ವರ್ಷದ ಶೋಧಶ್ವಾನವೆಂಬ ಗೌರವ ಸಂದಿತು. ಅದರ ಕಥೆಯನ್ನಾಧರಿಸಿದ ಚಲನಚಿತ್ರ 2022ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಎರಡು ತಿಂಗಳಿಗೆ, ಹನ್ನೊಂದು ವರ್ಷಗಳ ಕಾಯಕವನ್ನು ಪೂರೈಸಿ, ಗುಣವಾಗದ ಕಾಯಿಲೆಯಿಂದ ರೂಬಿ ತೀರಿಕೊಂಡಿತು. ಚಿತ್ರದಲ್ಲಿ ಅದರ ಪಾತ್ರ ವಹಿಸಿದ ನಾಯಿಯನ್ನೂ ಆಶ್ರಯತಾಣದಿಂದಲೇ ತಂದದ್ದು.