ಸಂಗಮದ ದಂಡೆಯಲ್ಲಿ ಕಾಯಕದ ಚಿತ್ರಗಳು

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವು ನಮ್ಮ ಸಮಾಜ ಬಾಂಧವರಿಗೆ ಹೊಸ ಸ್ಥಳವೇನಲ್ಲ. ಬಸವಣ್ಣನವರು ವಿದ್ಯೆ ಪಡೆದು, ಕೊನೆಗೆ ಐಕ್ಯರಾದ ಪುಣ್ಯಕ್ಷೇತ್ರವದು. ಬಾಗಲಕೋಟೆ ಜಿಲ್ಲೆಯ ಈ ಊರಿಗೆ ಬಂದ ಭಕ್ತರು ಚಾಲುಕ್ಯ ಶೈಲಿಯ ಸಂಗಮೇಶ್ವರ ದೇವಾಲಯವನ್ನು ದರ್ಶಿಸುತ್ತಾರೆ. ನಾರಾಯಣಪುರ ಜಲಾಶಯದ ಹಿನ್ನೀರು ನುಗ್ಗದಂತೆ ಕಟ್ಟಿರುವ ಬಾವಿಯಂತಹ ಸುತ್ತುಗೋಡೆಯೊಳಗೆ ಮೆಟ್ಟಿಲಿಳಿದು ಐಕ್ಯಮಂಟಪಕ್ಕೆ ಶರಣೆನ್ನುತ್ತಾರೆ. ನೆನಪಿಗೊಂದು ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಛಾಯಾಗ್ರಹಣವನ್ನೇ ಕಾಯಕವಾಗಿ ಮಾಡಿಕೊಂಡಿರುವ ನಾವೂ ಇಲ್ಲಿಗೆ ಹಲವು ಸಲ ಬಂದಿದ್ದೇವೆ. ಬಂದಂತೆಲ್ಲ ನಮ್ಮ ಕ್ಯಾಮರಾ ಗೋಪುರವನ್ನು ಬಿಟ್ಟು ದಂಡೆಯಲ್ಲಿ ದುಡಿಯುವ ಕೈಗಳ ಕಡೆಗೆ ತಿರುಗುತ್ತಿದೆ.

ಸೂರ್ಯೋದಯವಾದ ಮೇಲಿನ ಒಂದು ತಾಸು ಚಿತ್ರಗಾರನಿಗೆ ಅಮೃತ ಘಳಿಗೆ. ಬಿಸಿಲು ಓರೆಯಾಗಿ ಬೀಳುವುದರಿಂದ ಮುಖದ ಒಂದೊಂದು ಗೆರೆಯೂ ಸ್ಪಷ್ಟವಾಗುತ್ತದೆ. ಆಗ ಅಂಬಿಗನು ದೋಣಿಯ ನೀರು ಮೊಗೆದು ಚೆಲ್ಲುತ್ತಿರುತ್ತಾನೆ. ವಿಭೂತಿ ಮಾರುವ ತಾಯಿ ಗಟ್ಟಿಗಳನ್ನು ಸಾಲಾಗಿ ಜೋಡಿಸುತ್ತಿರುತ್ತಾಳೆ. ಮಿಂದು ಬಂದ ಹೆಣ್ಣುಮಕ್ಕಳು ಇಳಕಲ್ಲ ಸೀರೆಗಳನ್ನು ಒಣಹಾಕಿದಾಗ ಕೆಂಪು ಸೆರಗುಗಳು ಗಾಳಿಗೆ ತುಂಬಿಕೊಳ್ಳುತ್ತವೆ. ಆ ಸೀರೆಯ ಒಡಲಿನ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ನೇಕಾರನ ಶ್ರಮವನ್ನು ಬಲ್ಲವರಿಗೆ ಆ ಕೆಂಪು ಬರಿಯ ಬಣ್ಣವಾಗಿ ಕಾಣದು.

ಛಾಯಾಗ್ರಹಣ ಕಲೆಯು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಹನ್ನೆರಡನೆಯ ಶತಮಾನದ ಶರಣರ ಭಾವಚಿತ್ರಗಳೆಂದು ನಾವು ಮನೆಗಳಲ್ಲಿ ಪೂಜಿಸುವವೆಲ್ಲ ಕಲಾವಿದರ ಭಕ್ತಿಯಿಂದ ಮೂಡಿದ ಕಲ್ಪನೆಗಳೇ. ಶರಣರ ಮುಖಗಳು ಉಳಿಯಲಿಲ್ಲ. ಆದರೆ ಕಾಯಕಗಳು ಉಳಿದವು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂದು ಅವರ ಹೆಸರಿನಲ್ಲೇ ಕಾಯಕ ಬೆಸೆದುಕೊಂಡಿದೆ. ಹೆಸರು ಹೇಳಿದೊಡನೆ ಹುಟ್ಟು ಹಾಕುವ ಕೈ, ಹಗ್ಗ ಹೊಸೆಯುವ ಕೈ ಕಣ್ಣಮುಂದೆ ನಿಲ್ಲುತ್ತವೆ. ನಿತ್ಯ ಜೀವನವನ್ನು ಚಿತ್ರಿಸಹೊರಟವನಿಗೆ ಇದಕ್ಕಿಂತ ಹಿರಿದಾದ ಪಾಠ ಬೇಕಿಲ್ಲ.

ಈ ಸೀಮೆಯಲ್ಲಿ ಆ ಪಾಠಕ್ಕೆ ಇನ್ನೊಂದು ಅರ್ಥವೂ ಇದೆ. ಕೃಷ್ಣೆಗೆ ಕಟ್ಟಿದ ಅಣೆಕಟ್ಟುಗಳಿಂದ ಸಹಸ್ರಾರು ಎಕರೆ ಹೊಲಗಳಿಗೆ ನೀರು ಹರಿಯಿತು. ಅದೇ ನೀರಿನಲ್ಲಿ ಅನೇಕ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಭಾಗಗಳೂ ಮುಳುಗಿದವು. ಪುನರ್ವಸತಿ ಊರೊಂದರಲ್ಲಿ ವೃದ್ಧ ತಾಯಿಯೊಬ್ಬರು ತಮ್ಮ ಮದುವೆಯ ಚಿತ್ರವನ್ನು ನಮ್ಮ ಕೈಗಿತ್ತರು. ದಂಪತಿಗಳ ಮುಖ ಮಾಸಿತ್ತು. "ನಮ್ಮ ಮಾರಿ ನೋಡಬ್ಯಾಡ್ರಿ ಯಪ್ಪಾ, ಹಿಂದಿನ ಬಾಗಲಾ ನೋಡ್ರಿ. ನಮ್ಮ ಮನಿ ಅಂತ ಉಳದದ್ದು ಅದೊಂದ" ಎಂದರು. ಬಾಗಿಲ ಪಕ್ಕದಲ್ಲೊಂದು ದೀಪದ ಗೂಡು, ಅದರ ಕೆಳಗೆ ಬೀಸುವ ಕಲ್ಲು. ಚಿತ್ರ ತೆಗೆದವರು ಅವನ್ನು ಗಮನಿಸಿಯೂ ಇರಲಾರರು. ಅಂಚಿನಲ್ಲಿ ಅಕಸ್ಮಾತ್ತಾಗಿ ಸಿಕ್ಕ ಆ ಗೂಡಿನ ಮೇಲೆಯೇ ತಾಯಿಯ ಬೆರಳು ನಿಂತಿತ್ತು. ಇಂದು ಸಾಮಾನ್ಯವೆಂದು ನಾವು ಬಿಟ್ಟುಬಿಡುವ ವಸ್ತುವೇ ನಾಳೆ ಒಂದು ಮನೆತನದ ಆಸ್ತಿಯಾಗಬಲ್ಲದೆಂಬುದು ಅಂದು ಮನದಟ್ಟಾಯಿತು.

ಆದರೆ ಕಂಡದ್ದನ್ನೆಲ್ಲ ಸೆರೆಹಿಡಿಯುವುದು ಕಾಯಕವಾಗದು. ದಂಡೆಯಲ್ಲಿ ಕುಳಿತ ಭಕ್ತರು ಎಡ ಅಂಗೈಯಲ್ಲಿ ಇಷ್ಟಲಿಂಗವಿರಿಸಿ ದೃಷ್ಟಿ ನೆಟ್ಟಿರುವಾಗ ನಾವು ಕ್ಯಾಮರಾವನ್ನು ಕೆಳಗಿಳಿಸುತ್ತೇವೆ. ಆ ನೋಟ ಲಿಂಗಕ್ಕೆ ಸಂದದ್ದು, ನಮ್ಮ ಚಿತ್ರಕ್ಕಲ್ಲ. ದುಡಿಯುವವರನ್ನಾದರೂ ಕೇಳಿ, ಒಪ್ಪಿದ ಮೇಲೆಯೇ ಚಿತ್ರ ತೆಗೆಯುವುದು ಧರ್ಮ. ತೆಗೆದ ಚಿತ್ರದ ಒಂದು ಪ್ರತಿಯನ್ನು ಅವರಿಗೆ ತಲುಪಿಸಬೇಕು. ಪಡೆದದ್ದನ್ನು ಮರಳಿ ಸಮಾಜಕ್ಕೆ ಸಲ್ಲಿಸುವುದೇ ದಾಸೋಹವಾದರೆ, ಚಿತ್ರಗಾರನ ದಾಸೋಹ ಇದೇ ಅಲ್ಲವೇ?

ಇಂದು ಪ್ರತಿ ಮನೆಯಲ್ಲೂ ಮೊಬೈಲ್ ಫೋನಿದೆ. 36 ಚಿತ್ರಗಳಿಗೆ ರೀಲು ಮುಗಿಯುತ್ತಿದ್ದ ಕಾಲದ ಚಿಂತೆ ಈಗಿಲ್ಲ. ಆದರೂ ಸಾವಿರಾರು ಚಿತ್ರಗಳ ನಡುವೆ ರೊಟ್ಟಿ ಬಡಿಯುವ ಅಜ್ಜಿಯ ಕೈ, ಅಜ್ಜನ ಪೂಜೆಯ ಜಗಲಿ, ದನದ ಕೊಟ್ಟಿಗೆ ಎಷ್ಟು ಮನೆಗಳಲ್ಲಿವೆ? ಸಹೃದಯ ಓದುಗರು ಹಿರಿಯರ ಒಪ್ಪಿಗೆ ಪಡೆದು ಅಂತಹ ಒಂದೆರಡು ಚಿತ್ರಗಳನ್ನಾದರೂ ತೆಗೆಯಲಿ. ಅವನ್ನು ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆದಿಡಲಿ. ಫೋನು ಕೆಟ್ಟರೆ ಅದರೊಳಗಿನ ಚಿತ್ರವೂ ಹೋದೀತು. ಪೆಟ್ಟಿಗೆಯಲ್ಲಿಟ್ಟ ಕಾಗದವು ಮೊಮ್ಮಕ್ಕಳ ಕೈ ಸೇರೀತು. ನಮ್ಮ ಹಿರಿಯರು ಹೇಗೆ ದುಡಿದು ಬಾಳಿದರೆಂಬುದಕ್ಕೆ ಅದೇ ಸಾಕ್ಷಿಯಾಗಲಿ.