ಜೋತುಬಿದ್ದ ವೈರು

ಫ್ಲೈಯಿಂಗ್ ಸ್ಕೂಲೊಂದರಲ್ಲಿ ನನ್ನ ಇಂಟರ್ನ್‌ಶಿಪ್. ಅಲ್ಲಿನ ಹಳೇ ಸೆಸ್ನಾ 172 ರಾತ್ರಿಯೆಲ್ಲ ಮಳೆಯಲ್ಲೇ ನಿಂತಿತ್ತು. ಬೆಳಿಗ್ಗೆ ರೇಡಿಯೊ ಆನ್ ಮಾಡಿದ್ರೆ ಬರೀ ಗರಗರ. ಹಾರೋ ಮುಂಚೆಯೇ ಗೊತ್ತಾಗಿದ್ದು ಪುಣ್ಯ.

ವಿಂಡ್‌ಶೀಲ್ಡ್ ಅಂಚಿನ ಸೀಲಂಟ್ ಬಿರುಕುಬಿಟ್ಟಿತ್ತು. ನೀರು ಪ್ಯಾನಲ್ ಹಿಂದೆ ಇಳಿದು, ವೈರು ಹಿಡಿದು ನೇರ ಕನೆಕ್ಟರ್‌ಗೆ ನುಗ್ಗಿತ್ತು. ಆ ವೈರನ್ನು ಹಿಂದಿನ ದಿನ ನೀಟಾಗಿ ಎಳೆದು ಬಿಗಿದವನು ನಾನೇ!

ಮೆಕ್ಯಾನಿಕ್ ಸರ್ ಬೈಯಲಿಲ್ಲ. ಕನೆಕ್ಟರ್ ಒಣಗಿಸಿ, ಹಳೇ ಸೀಲಂಟ್ ಕೆರೆದು ಹೊಸದು ಹಾಕಿದರು. ಆಮೇಲೆ ನನ್ನ ಟೈ ಕತ್ತರಿಸಿ, ವೈರು ಕನೆಕ್ಟರ್‌ಗಿಂತ ಕೆಳಗೆ ಜೋತುಬೀಳುವಂತೆ ಕಟ್ಟಿದರು. "ಇದು ಡ್ರಿಪ್ ಲೂಪ್ ಕಣಪ್ಪಾ. ಸೀಲಂಟ್ ಇವತ್ತಲ್ಲ ನಾಳೆ ಸೋರತ್ತೆ. ಸೋರಿದ ನೀರು ಈ ಬಾಗಿನಲ್ಲೇ ತೊಟ್ಟಿಕ್ಕಿ ಹೋಗತ್ತೆ, ಮೇಲಕ್ಕೆ ಹತ್ತಲ್ಲ."

ಊರಿಗೆ ಹೋದಾಗ ನೋಡಿದೆ. ನಮ್ಮನೆ ಸರ್ವಿಸ್ ವೈರೂ ಗೋಡೆ ಹತ್ರ ಹಾಗೇ ಜೋತುಬಿದ್ದಿದೆ. ಇಷ್ಟು ವರ್ಷ ಅದನ್ನ ಲೈನ್‌ಮನ್ ಸೋಮಾರಿತನ ಅಂದ್ಕೊಂಡಿದ್ದೆ.