ಇಸಾಬೆಲ್ ಬೀದಿಯ ಗೆಳತಿಯರು

ಬ್ರಸೆಲ್ಸ್ ನಗರದ ಇಸಾಬೆಲ್ ಬೀದಿ ಈಗಿಲ್ಲ. ಮೇಲಿನ ರಾಯಲ್ ರಸ್ತೆಯಲ್ಲಿ ಜನರಲ್ ಬೆಲ್ಯಾರನ ಪ್ರತಿಮೆಯ ಹಿಂದಿನಿಂದ ಮೆಟ್ಟಿಲಿಳಿದರೆ ಸಿಗುತ್ತಿದ್ದ ತಗ್ಗಿನ ಓಣಿ ಅದು. 17ನೆಯ ಶತಮಾನದಲ್ಲಿ ಆ ಸೀಮೆಯನ್ನಾಳುತ್ತಿದ್ದ ಇಸಾಬೆಲ್ಲಾ ಅರಮನೆಯಿಂದ ಚರ್ಚಿಗೆ ಹೋಗಿಬರಲು ಮಾಡಿಸಿಕೊಂಡ ದಾರಿ. 20ನೆಯ ಶತಮಾನದ ಮೊದಲಲ್ಲಿ ಅದನ್ನು ಕೆಡವಿದರು. ಆಸುಪಾಸಿನಲ್ಲಿ ಈಗ ವಿಕ್ಟರ್ ಓರ್ಟಾ ಕಟ್ಟಿದ ಲಲಿತಕಲಾ ಭವನವಿದೆ. ಸಾಹಿತ್ಯದ ಹುಚ್ಚಿನವರು ಇಂದಿಗೂ ಅಲ್ಲಿಗೆ ಹೋಗಿ ಇಲ್ಲದ ಬೀದಿಯನ್ನು ಹುಡುಕುತ್ತಾರೆ.

1842ರ ಫೆಬ್ರವರಿಯಲ್ಲಿ ಈ ಬೀದಿಯ ಎಜೇ ದಂಪತಿಯ ವಸತಿಶಾಲೆಗೆ ಇಂಗ್ಲೆಂಡಿನ ಹಳ್ಳಿ ಪಾದ್ರಿಯ ಇಬ್ಬರು ಹೆಣ್ಣುಮಕ್ಕಳು ಬಂದು ಸೇರಿದರು. ಶಾರ್ಲೆಟ್ ಬ್ರಾಂಟೆಗೆ 25, ಎಮಿಲಿಗೆ 23. ಶಾಲೆಗೆ ಹೋಗುವ ವಯಸ್ಸೇನಲ್ಲ. ಆದರೆ ಊರಲ್ಲಿ ಸ್ವಂತ ಶಾಲೆ ತೆರೆಯಬೇಕೆಂದಿದ್ದವರಿಗೆ ಫ್ರೆಂಚ್ ಬಾರದೆ ನಡೆಯುವಂತಿರಲಿಲ್ಲ. ಮದುವೆಯಾಗದ, ಕೈಯಲ್ಲಿ ಕಾಸಿಲ್ಲದ ಹೆಣ್ಣಿಗೆ ಆಗ ಪ್ರಾಯ ಬಂದರೂ ಸ್ವಾತಂತ್ರ್ಯ ಬರುತ್ತಿರಲಿಲ್ಲ. ದುಡ್ಡು ಕೊಟ್ಟವರು ದೊಡ್ಡಮ್ಮ. ಬ್ರಸೆಲ್ಸಿನ ಆಸೆ ಹಚ್ಚಿದವಳು ಗೆಳತಿ ಮೇರಿ ಟೇಲರ್.

ಮೇರಿ, ಅವಳ ತಂಗಿ ಮಾರ್ಥಾ, ಎಲೆನ್ ನಸ್ಸಿ ಇವರೆಲ್ಲ ಯಾರ್ಕ್‌ಶೈರಿನ ರೋ ಹೆಡ್ ಶಾಲೆಯ ದಿನಗಳಿಂದ ಶಾರ್ಲೆಟ್‌ಗೆ ಜೊತೆಯಾದವರು. ಮಾರ್ಥಾ ಗಲಾಟೆಯ ಹುಡುಗಿ, ಅವಳಿದ್ದಲ್ಲಿ ಸದ್ದಿರುತ್ತಿತ್ತು. ಅಕ್ಕತಂಗಿಯರಿಬ್ಬರೂ ಆಗ ಬ್ರಸೆಲ್ಸಿನ ಅಂಚಿನ ಕೂಕಲ್‌ಬರ್ಗಿನಲ್ಲಿ ಓದುತ್ತಿದ್ದರು. ಅಕ್ಟೋಬರ್ 12ರಂದು ಮಾರ್ಥಾ ತೀರಿಕೊಂಡಳು. ಕಾಲರಾ, ವಯಸ್ಸು 23. ಕಾಯಿಲೆಯ ಸುದ್ದಿ ಕೇಳಿದ ಶಾರ್ಲೆಟ್ ಮರುದಿನ ಬೆಳಿಗ್ಗೆ ಧಾವಿಸಿ ಹೋದಾಗ ರಾತ್ರಿಯೇ ಎಲ್ಲ ಮುಗಿದಿತ್ತು. ಕ್ಯಾಥೊಲಿಕ್ ಊರಿನಲ್ಲಿ ಪ್ರೊಟೆಸ್ಟೆಂಟ್ ಹುಡುಗಿ ಸತ್ತರೆ ಮಣ್ಣು ಮಾಡಲು ಪೇಟೆಯ ಹೊರಗೆ ಲುವೆನ್ ರಸ್ತೆಯಾಚೆ ಬೇರೆಯೇ ಸ್ಮಶಾನವಿತ್ತು.

ತಿಂಗಳ ಕೊನೆಗೆ ಮೇರಿ, ಶಾರ್ಲೆಟ್, ಎಮಿಲಿ ಮೂವರೂ ಅಲ್ಲಿಗೆ ನಡೆದರು. ಸ್ಮಶಾನ, ಸುತ್ತಲಿನ ಹೊಲಗದ್ದೆ ಎಲ್ಲ ಸೇರಿ ಸುಮಾರು ಆರು ಮೈಲಿ. ಹೆಣ್ಣುಮಕ್ಕಳು ಮಸಣದ ಕಡೆ ಹೋಗಬಾರದೆನ್ನುವ ಮನೆಗಳಲ್ಲಿ ಬೆಳೆದ ಕನ್ನಡ ಓದುಗರಿಗೆ ಈ ನಡಿಗೆ ತುಸು ಹೊಟ್ಟೆಕಿಚ್ಚು ತರಿಸಿದರೂ ತರಿಸೀತು. ಸಂಜೆ ಮೇರಿಯ ನೆಂಟರ ಮನೆಯಲ್ಲಿ ಕಳೆಯಿತು. ಎಮಿಲಿ ಹೆಚ್ಚು ಮಾತಾಡಲಿಲ್ಲ. ಮೇರಿ ಎಲೆನ್‌ಗೆ ಬರೆದ ಪತ್ರದಲ್ಲಿ ಸಮಾಧಿಯನ್ನು ನೋಡಿಬಂದದ್ದನ್ನೂ ಸಂಜೆ ಹಿತವಾಗಿತ್ತೆಂಬುದನ್ನೂ ಒಂದೇ ಉಸಿರಿನಲ್ಲಿ ಬರೆಯುತ್ತಾಳೆ. ಇದನ್ನು ಕಲ್ಲೆದೆ ಎನ್ನುವವರು ಆ ವಯಸ್ಸನ್ನು ಮರೆತಿರಬೇಕು. ಅಳುವೂ ಹಸಿವೂ ಆಗ ಒಟ್ಟೊಟ್ಟಿಗೇ ಬರುತ್ತವೆ.

ಕೆಲವೇ ದಿನಗಳಲ್ಲಿ ದೊಡ್ಡಮ್ಮನೂ ತೀರಿಕೊಂಡ ಸುದ್ದಿ ಊರಿಂದ ಬಂತು. ಬ್ರಾಂಟೆ ಸೋದರಿಯರು ಹಡಗು ಹತ್ತಿದರು. ಎಮಿಲಿ ಮತ್ತೆ ಬ್ರಸೆಲ್ಸಿಗೆ ಬರಲಿಲ್ಲ. ಶಾರ್ಲೆಟ್ ಬಂದಳು, ಆ ಅಕ್ಟೋಬರನ್ನು ಬಹುಕಾಲ ಹೊತ್ತುಕೊಂಡೂ ಇದ್ದಳು. 1849ರಲ್ಲಿ ಬಂದ ಅವಳ ‘ಶರ್ಲಿ’ ಕಾದಂಬರಿಯಲ್ಲಿ ಮಾರ್ಥಾ ಜೆಸ್ಸಿ ಎಂಬ ಮಾತಿನಮಲ್ಲಿಯಾಗಿದ್ದಾಳೆ. ಕಥೆಯನ್ನು ನಡುವೆಯೇ ನಿಲ್ಲಿಸಿ, ಪರದೇಶದ ಹೊಸ ಸಮಾಧಿಯೊಂದನ್ನು ನೋಡಿಬಂದವರು ಮಳೆಯ ಸಂಜೆ ಬೆಂಕಿಯ ಮುಂದೆ ಕೂತದ್ದನ್ನು ಶಾರ್ಲೆಟ್ ಅಲ್ಲಿ ನೆನೆಯುತ್ತಾಳೆ. ಕಥೆಯ ಓಟಕ್ಕೆ ಆ ಪುಟದ ಅಗತ್ಯವೇ ಇಲ್ಲ. ಕಾದಂಬರಿಯ ಒಳ್ಳೆಯ ಪುಟಗಳಲ್ಲಿ ಅದೂ ಒಂದು. ಪುಸ್ತಕ ಮುಗಿಯುವುದರೊಳಗೆ ಎಮಿಲಿಯೂ ಇರಲಿಲ್ಲ.

ಮೇರಿ 1845ರಲ್ಲಿ ನ್ಯೂಜಿಲೆಂಡಿಗೆ ಹೋಗಿ, ಮುಂದೆ ವೆಲಿಂಗ್ಟನ್‌ನಲ್ಲಿ ಅಂಗಡಿ ಇಟ್ಟಳು. ಶಾರ್ಲೆಟ್ ಬರೆದ ಪತ್ರಗಳನ್ನು ಯಾರ ಕೈಗಾದರೂ ಸಿಕ್ಕಾವೆಂಬ ಎಚ್ಚರಿಕೆಯಿಂದ ಅವಳು ಬಹುಪಾಲು ನಾಶಮಾಡಿದಳು. ಎಲೆನ್ ಹಾಗಲ್ಲ. ಪತ್ರಗಳನ್ನು ಸುಡಬೇಕೆಂದು ಶಾರ್ಲೆಟ್‌ಳ ಗಂಡ ಪಟ್ಟುಹಿಡಿದು ಮಾತು ತೆಗೆದುಕೊಂಡರೂ ನೂರಾರು ಪತ್ರಗಳನ್ನು ಕಾಪಿಟ್ಟಳು. ಮಾರ್ಥಾಳ ಸಾವಿನ ರಾತ್ರಿ, ಆರು ಮೈಲಿಯ ನಡಿಗೆ ಎರಡೂ ಇಂದು ತಿಳಿದಿರುವುದು ಆ ಅಕ್ಟೋಬರಿನಲ್ಲಿ ಬ್ರಸೆಲ್ಸಿನಲ್ಲಿ ಇಲ್ಲದೇ ಇದ್ದ ಈ ಗೆಳತಿಗೆ ಬಂದ ಕಾಗದಗಳಿಂದ.